ಅಟ್ಟದ ಮೇಲಿನ ಯಂತ್ರ, ಗುಜರಿಯ ತಕ್ಕಡಿ

ಮಲೆನಾಡಿನ ಹೋಂಸ್ಟೇಗಳ ಜಗಲಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಮೇಜು ಕಾಣಸಿಗುತ್ತದೆ. ಮೇಲೆ ದಪ್ಪ ಗಾಜಿನ ಹಲಗೆ, ಕೆಳಗೆ ಬಳ್ಳಿಯಂತೆ ಬಾಗಿದ ಎರಕದ ಕಬ್ಬಿಣದ ಕಾಲುಗಳು, ನಡುವೆ ಅಲ್ಲಾಡದಂತೆ ಬಿಗಿದ ಒಂದು ಕಾಲುಮಣೆ. ನಗರದಿಂದ ಬಂದ ಅತಿಥಿಗಳು ಅದರ ಮೇಲೆ ಕಾಫಿ ಲೋಟವಿಟ್ಟು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಯಾವುದೋ ಮನೆಯಲ್ಲಿ ಎರಡು ಮೂರು ತಲೆಮಾರಿನ ಲಂಗ, ರವಿಕೆ, ಚಡ್ಡಿ, ದಿಂಬಿನ ಚೀಲಗಳನ್ನು ಹೊಲಿದ ಯಂತ್ರದ ಅಸ್ಥಿಪಂಜರ ಅದು. ಅದರ ಮೇಲ್ಭಾಗ, ಅಂದರೆ ಹೊಲಿಯುವ ಭಾಗ, ಎಂದೋ ಗುಜರಿಯವನ ತಕ್ಕಡಿಯೇರಿ ಕಿಲೋ ಲೆಕ್ಕದಲ್ಲಿ ಘಟ್ಟವಿಳಿದು ಹೋಗಿರುತ್ತದೆ.

ಹಳೆಯದನ್ನು ಮಾರಿದರೆ ತಪ್ಪೇನು ಎಂದು ಕೇಳುವವರುಂಟು. ಮಾರಿದ್ದು ಬರಿಯ ಕಬ್ಬಿಣವಾಗಿದ್ದರೆ ತಪ್ಪೇನೂ ಇಲ್ಲ. ಆದರೆ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದೊಂದಿಗೆ ಮನೆಯ ಒಂದು ಸಾಮರ್ಥ್ಯವೂ ಹೊಸ್ತಿಲು ದಾಟುತ್ತದೆ. ಹರಿದದ್ದನ್ನು ಹರಿದಲ್ಲೇ ಸರಿಪಡಿಸುವ, ಅಜ್ಜಿಯ ಸೀರೆಯಿಂದ ಮೊಮ್ಮಗುವಿನ ಅಂಗಿ ತೆಗೆಯುವ, ಪೇಟೆಯ ಮುಂದೆ ಕೈಯೊಡ್ಡದೆ ಬಟ್ಟೆಯ ಆಯುಷ್ಯವನ್ನು ಹಿಗ್ಗಿಸುವ ಸಾಮರ್ಥ್ಯವದು. ಕಾಡು ಕಡಿದಾಗ, ಹೊಳೆಗೆ ಅಣೆಕಟ್ಟು ಬಂದಾಗ ಕೂಗೆಬ್ಬಿಸುವ ಮಲೆನಾಡು ಈ ನಷ್ಟದ ಬಗ್ಗೆ ಮೌನವಾಗಿರುವುದು ವಿಚಿತ್ರ. ಹೊಳೆಯ ಅಳಿವು ಉಳಿವಿಗೂ ಅಟ್ಟದ ಮೇಲಿನ ಯಂತ್ರಕ್ಕೂ ನಂಟಿದೆ.

ಆ ನಂಟನ್ನು ಕಾಣಬೇಕಾದರೆ ಪಶ್ಚಿಮ ಘಟ್ಟದ್ದೇ ಮಗಳಾದ ಒಂದು ನದಿಯ ಕಥೆಯನ್ನು ನೋಡಬೇಕು. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ನೊಯ್ಯಲ್ ಹುಟ್ಟುತ್ತದೆ. ತಿರುಪ್ಪೂರಿನ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ತಿರುಪ್ಪೂರು ಬನಿಯನ್ನು, ಟೀ ಶರ್ಟುಗಳ ಊರು. ಅಲ್ಲಿನ ಬಣ್ಣದ ಘಟಕಗಳ ಉಪ್ಪುನೀರು ದಶಕಗಳ ಕಾಲ ನದಿಗೆ ಸೇರಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯ ವಿಷದ ಕೊಳವಾಯಿತು. ಕೆಳಗಿನ ರೈತರ ಬಾವಿಗಳು ಕೆಟ್ಟವು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಬೇಕೆಂದು ಆದೇಶಿಸಬೇಕಾಯಿತು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಅಂಗಿಯ ಬೆಲೆಚೀಟಿಯಲ್ಲಿ ಆ ರೈತರ ಬಾವಿಯ ಲೆಕ್ಕ ಇರುವುದಿಲ್ಲ. ಒಂದು ಹತ್ತಿಯ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರಿದೆ ಎಂಬ ಅಂದಾಜು ಜಗತ್ತಿನಾದ್ಯಂತ ಪ್ರಚಲಿತವಾಗಿದೆ. ಪಾಲಿಯೆಸ್ಟರ್ ಬಟ್ಟೆಯ ಮೂಲವಂತೂ ಪೆಟ್ರೋಲಿಯಂ. ಅದನ್ನು ಹಳ್ಳದಲ್ಲಿ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗಿಳಿಯುತ್ತವೆ.

ಬೆಲೆಚೀಟಿಯಲ್ಲಿ ಕಾಣದ ಇನ್ನೊಂದು ಲೆಕ್ಕ ಮನುಷ್ಯರದು. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಸಿದ್ಧ ಉಡುಪಿನ ಕಾರ್ಖಾನೆಗಳ ಕೆಲಸಗಾರರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದರೂ ಅವರನ್ನು ಮತ್ತೆ ಒಳಗೆ ಕಳುಹಿಸಲಾಗಿತ್ತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ತಮ್ಮ ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಪಡೆಯಲು 58 ವರ್ಷ ತುಂಬುವವರೆಗೆ ಕಾಯಬೇಕೆಂಬ ನಿಯಮದ ವಿರುದ್ಧ ಅವರ ಸಿಟ್ಟು ಸಿಡಿದಿತ್ತು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಕಾರ್ಖಾನೆಗಳ ಸಾಲಿನಲ್ಲಿ ಕೂತವಳು ದಿನವಿಡೀ ಒಂದೇ ಕಾಲರನ್ನೋ ಒಂದೇ ಜೇಬನ್ನೋ ಹೊಲಿಯುತ್ತಾಳೆ. ಹೊಲಿಗೆ ಬಲ್ಲವಳೆಂದು ಹೋದವಳಿಗೆ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯುವ ಅವಕಾಶವೇ ಅಲ್ಲಿಲ್ಲ.

ಇಂಥ ವ್ಯವಸ್ಥೆಗೆ ಹೊಲಿಗೆ ಯಂತ್ರವೇ ಮೂಲ ಕಾರಣವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರಗಳೇ ಮುಂದೆ ಸಿದ್ಧ ಉಡುಪಿನ ಉದ್ಯಮಕ್ಕೆ ದಾರಿ ತೆರೆದವು. ಆದರೂ ಯಂತ್ರನಾಗರಿಕತೆಯ ಅತಿ ಕಟುವಾದ ಟೀಕಾಕಾರರಾದ ಗಾಂಧೀಜಿ, 1924ರಲ್ಲಿ ಯುವ ವಿದ್ಯಾರ್ಥಿ ರಾಮಚಂದ್ರನ್ ಅವರೊಂದಿಗೆ ನಡೆಸಿದ ಸಂವಾದದಲ್ಲಿ, ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ವಿರೋಧದಿಂದ ಹೊರಗಿಟ್ಟರು. ಹೆಂಡತಿಯ ಶ್ರಮ ಕಂಡು ಮರುಗಿ ಸಿಂಗರ್ ಆ ಯಂತ್ರ ಮಾಡಿದನೆಂಬ ಕಥೆಯನ್ನೂ ಅವರು ನಂಬಿದ್ದರು. ವಾಸ್ತವದಲ್ಲಿ ಸಿಂಗರ್ ನಾಟಕದ ನಟನಾಗಿದ್ದವನು, ಲಾಭ ಬಲ್ಲ ವ್ಯವಹಾರಸ್ಥ. ಅವನ ಕಂಪನಿ ಯಂತ್ರವನ್ನು ಕಂತಿನ ಮೇಲೆ ಮಾರುವ ಪದ್ಧತಿಯನ್ನು ಬೆಳೆಸಿ ಜಗತ್ತನ್ನೇ ಹೊಕ್ಕಿತು. ಕಥೆ ಸುಳ್ಳಾದರೂ ಗಾಂಧೀಜಿಯ ಅಳತೆಗೋಲು ಸುಳ್ಳಾಗಲಿಲ್ಲ. ಯಂತ್ರ ಮನುಷ್ಯನನ್ನು ಹೊರಗೆ ದೂಡುತ್ತದೆಯೋ, ಅವನ ಕೈಯ ಬಲವನ್ನು ಹೆಚ್ಚಿಸುತ್ತದೆಯೋ ಎಂಬುದೇ ಆ ಅಳತೆಗೋಲು. ಅದೇ ಯಂತ್ರ ಕಾರ್ಖಾನೆಯ ಸಾಲಿನಲ್ಲಿ ಒಂದು ಉತ್ತರ ಕೊಡುತ್ತದೆ, ಮನೆಯ ಕಿಟಕಿಯ ಬಳಿ ಇನ್ನೊಂದು.

ಹಳೆಯ ಕಾಲುಯಂತ್ರದ ದೊಡ್ಡ ಗುಣವೆಂದರೆ ಅದು ದುರಸ್ತಿಗೆ ಒಪ್ಪುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆ 1980ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಯಂತ್ರಗಳು ಇಂದಿಗೂ ಹೊಲಿಯುತ್ತಿವೆ. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಉಷಾ ಮೊದಲಾಗಿ ಭಾರತದ ಮನೆಗಳಲ್ಲಿರುವ ಕಪ್ಪು ಬಣ್ಣದ ಕಾಲುಯಂತ್ರಗಳಲ್ಲಿ ಹೆಚ್ಚಿನವು ಸಿಂಗರ್‌ನ 15ನೆಯ ವರ್ಗದ ರಚನೆಯನ್ನು ಅನುಸರಿಸಿದವು. ಆದ್ದರಿಂದ ಅವುಗಳ ದುಂಡು ಬಾಬಿನ್, ಸೂಜಿಗಳು ಇಂದಿಗೂ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಸ್ಕ್ರೂ ಡ್ರೈವರ್, ಒಂದು ಎಣ್ಣೆ ಬುಡ್ಡಿ ಇದ್ದರೆ ಒಳಗಿನ ಬಹುಪಾಲನ್ನು ಬಿಚ್ಚಿ ನೋಡಬಹುದು. ಒಳಗೆ ಪ್ಲಾಸ್ಟಿಕ್ ಹಲ್ಲುಗಾಲಿಗಳಿರುವ ಅಗ್ಗದ ವಿದ್ಯುತ್ ಯಂತ್ರ ಒಮ್ಮೆ ಕೆಟ್ಟರೆ ಕಸದ ಬುಟ್ಟಿಯೇ ಗತಿ. ಆಷಾಢದ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ಕಾಲಿನ ಬಲದಿಂದ ನಡೆಯುವ ಯಂತ್ರದ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಈ ಮಾತಿಗೆ ಎದುರಾಗುವ ಆಕ್ಷೇಪಗಳಲ್ಲಿ ಮೊದಲನೆಯದು, ಹೊಲಿಸುವ ಖರ್ಚಿಗಿಂತ ಸಿದ್ಧ ಉಡುಪೇ ಅಗ್ಗ ಎಂಬುದು. ಅದು ನಿಜ, ಆ ಅಗ್ಗವನ್ನು ತೆತ್ತವರು ಯಾರೆಂಬುದನ್ನು ನೊಯ್ಯಲ್ ಮತ್ತು ಸಾವರ್ ಹೇಳಿಯಾಗಿದೆ. ಎರಡನೆಯದು ಹೆಚ್ಚು ತೂಕದ ಆಕ್ಷೇಪ. ಕೊಟ್ಟಿಗೆ, ತೋಟ, ಅಡುಗೆ ಮನೆಗಳಲ್ಲಿ ಆಗಲೇ ಬಳಲಿದ ಹೆಂಗಸಿನ ಹೆಗಲಿಗೆ ಪರಿಸರದ ಹೆಸರಿನಲ್ಲಿ ಇನ್ನೊಂದು ನೊಗ ಹೇರುವುದೇ? ಈ ಪ್ರಶ್ನೆಯನ್ನು ಹಾರಿಸಿ ಹೋಗುವ ಪರಿಸರವಾದ ಅರ್ಧ ಸತ್ಯದ್ದು. ಮನೆಯಲ್ಲಿ ಯಂತ್ರವಿದ್ದರೆ ಅದು ಮಗನಿಗೂ ಸೇರಿದ್ದು. ಪೇಟೆಯ ದರ್ಜಿಗಳಲ್ಲಿ ಗಂಡಸರೇ ಹೆಚ್ಚಿರುವಾಗ ಮನೆಯ ಹೊಲಿಗೆ ಮಾತ್ರ ಹೆಣ್ಣಿನ ಕೆಲಸವೆನ್ನುವುದು ಅನುಕೂಲಕ್ಕೆ ಕಟ್ಟಿಕೊಂಡ ನಂಬಿಕೆ. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲಾರದ ವಿದ್ಯಾರ್ಥಿ ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡುವುದು ನಗೆಪಾಟಲು.

ಮೂರನೆಯ ಆಕ್ಷೇಪ, ಇದೆಲ್ಲ ಹಳೆಯ ಕಾಲದ ಹಂಬಲ ಎಂಬುದು. ಹಂಬಲಕ್ಕಾದರೆ ಗಾಜಿನ ಮೇಜೇ ಸಾಕು. ಯಂತ್ರವನ್ನು ದುಡಿಸುವುದು ಲೆಕ್ಕಾಚಾರದ ಮಾತು. ಅಂಗಿಯೊಂದನ್ನು ಎರಡು ವರ್ಷದ ಬದಲು ನಾಲ್ಕು ವರ್ಷ ಉಟ್ಟರೆ ಆ ಅವಧಿಯಲ್ಲಿ ಒಂದು ಅಂಗಿಯ ಹತ್ತಿ, ಬಣ್ಣ, ನೀರು, ಸಾಗಾಣಿಕೆ ಉಳಿಯುತ್ತವೆ. ಹಾಗೆಂದು ಮನೆಯಲ್ಲಿ ಯಂತ್ರವಿದೆಯೆಂದು ಮಾರುಗಟ್ಟಲೆ ಹೊಸ ಬಟ್ಟೆ ತಂದು ಹೊಲಿಯುತ್ತ ಹೋದರೆ ಹೊಳೆಗೆ ಯಾವ ಲಾಭವೂ ಇಲ್ಲ. ಹೊಸದನ್ನು ಹೊಲಿಯುವುದು ಎರಡನೆಯ ಮಾತು, ಹಳೆಯದನ್ನು ಉಳಿಸುವುದು ಮೊದಲನೆಯದು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಹೊಲಿಯುವ ಕೌದಿಗಳು ಈ ವಿವೇಕವನ್ನು ಯಾವ ಭಾಷಣವೂ ಇಲ್ಲದೆ ಸಾರುತ್ತಿವೆ.

ಹಾಗಾದರೆ ಯಂತ್ರವನ್ನು ಅಟ್ಟದಿಂದ ಇಳಿಸಿದ ಮನೆ ಏನು ಮಾಡಬೇಕು? ಮೊದಲು ಜಾಗ. ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಮೂಲೆ ಸಾಕು. ಆದರೆ ಅದು ಕಿಟಕಿಯ ಬಳಿ ಇರಬೇಕು, ಬೆಳಕು ಎಡಗಡೆಯಿಂದ ಸೂಜಿಯ ಮೇಲೆ ಬೀಳಬೇಕು. ಬಚ್ಚಲಿನ ಗೋಡೆಯ ತೇವವೂ ಒಲೆಯ ಹೊಗೆಯೂ ದೂರವಿರಲಿ. ಮಣ್ಣಿನ ನೆಲ ಏರುತಗ್ಗಾಗಿದ್ದರೆ ಸ್ಟ್ಯಾಂಡಿನ ಕೆಳಗೆ ಸಮನಾದ ಹಲಗೆ ಹಾಕಬೇಕು. ಅಲುಗಾಡುವ ಯಂತ್ರ ನೆಟ್ಟಗೆ ಹೊಲಿಯದು. ಗೋಡೆಗೊಂದು ಹಲಗೆ, ಗುಂಡಿ ಮತ್ತು ನೂಲಿಗೆ ಹಳೆಯ ಬಿಸ್ಕತ್ತಿನ ಡಬ್ಬಿ, ಅಳತೆ ಟೇಪು, ಸೀಮೆಸುಣ್ಣ, ಬಟ್ಟೆಗೆ ಮಾತ್ರ ಮೀಸಲಾದ ಒಂದು ಕತ್ತರಿ. ಇಷ್ಟಕ್ಕೆ ಹೊಸ ಪೀಠೋಪಕರಣ ಯಾವುದೂ ಬೇಡ.

ಎರಡನೆಯದು ಯಂತ್ರದ ಆರೈಕೆ. ವರ್ಷಗಟ್ಟಲೆ ನಿಂತ ಯಂತ್ರದೊಳಗೆ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ. ಬಲವಂತದಿಂದ ತಿರುಗಿಸದೆ, ಎಣ್ಣೆಯ ತೂತುಗಳಿಗೆ ತುಸು ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಬೇಕು. ಚಿನ್ನದ ಬಣ್ಣದ ಚಿತ್ತಾರಕ್ಕೆ ಅದು ತಾಗದಿರಲಿ. ಬಳಿಕ ಕೈಯಿಂದ ಗಾಲಿಯನ್ನು ಮೆಲ್ಲಗೆ ಆಡಿಸಿ, ಒರೆಸಿ, ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಪ್ರತಿ ತೂತಿಗೂ ಒಂದೊಂದು ಹನಿ ಹಾಕಬೇಕು. ಕೊಬ್ಬರಿ ಎಣ್ಣೆ ಎಂದಿಗೂ ಸಲ್ಲದು. ಮಲೆನಾಡಿನ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಕ್ರಮೇಣ ಅಂಟಾಗುತ್ತದೆ. ಶಟಲ್ ಬಳಿ ಸೇರಿದ ನೂಲಿನ ಜುಂಜನ್ನು ಬ್ರಷ್‌ನಿಂದ ತೆಗೆಯಬೇಕು. ಚರ್ಮದ ಬೆಲ್ಟು ಸಡಿಲವಾಗಿದ್ದರೆ ತುಸು ಕತ್ತರಿಸಿ ಕೊಂಡಿ ಹಾಕಿದರೆ ಮುಗಿಯಿತು.

ಕೈಗಾಲಿ ಸದಾ ಹೊಲಿಯುವವರ ಕಡೆಗೇ ತಿರುಗಬೇಕು. ಹಿಮ್ಮುಖವಾದರೆ ನೂಲು ಸಿಕ್ಕಾಗುತ್ತದೆ. ಹೊಸಬರು ಮೊದಲ ಕೆಲವು ದಿನ ನೂಲಿಲ್ಲದೆ, ಗೆರೆ ಎಳೆದ ಹಳೆಯ ಕಾಗದದ ಮೇಲೆ ಹೊಲಿದು ಕಾಲಿನ ಲಯ ಕಲಿಯುವುದು ಲೇಸು. ನೂಲು ಪೋಣಿಸುವಾಗ ಸೂಜಿಯ ಉದ್ದ ಗೀರಿರುವ ಬದಿಯಿಂದಲೇ ಪೋಣಿಸಬೇಕು. ಮೇಲಿನ ನೂಲು, ಕೆಳಗಿನ ನೂಲು ಬಟ್ಟೆಯ ಮಧ್ಯದಲ್ಲಿ ಹೆಣೆದುಕೊಂಡರೆ ಹೊಲಿಗೆ ಸರಿ. ಕೆಳಗಿನದು ಮೇಲೆ ಕಂಡರೆ ಮೇಲಿನ ಬಿಗಿಯನ್ನು ಸಡಿಲಿಸಬೇಕು. ಮಳೆಗಾಲದಲ್ಲಿ ಒಣಬಟ್ಟೆಯ ಮುಸುಕು, ವಾರಕ್ಕೊಮ್ಮೆ ಒಂದಷ್ಟು ಹೊತ್ತು ತುಳಿತ, ತುಕ್ಕಿಗೆ ಇವೇ ಮದ್ದು. ನಿಂತ ಯಂತ್ರವೇ ಬೇಗ ಸಾಯುವುದು.

ಮೂರನೆಯದು ಮನೆಯಾಚೆಗಿನ ಮಾತು. ಯೋಜನೆಗಳ ಅಡಿಯಲ್ಲಿ ಸರ್ಕಾರಗಳು ಹೊಲಿಗೆ ಯಂತ್ರ ಹಂಚುತ್ತ ಬಂದಿವೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ತರಬೇತಿ ಮತ್ತು ಉಪಕರಣದ ನೆರವಿದೆ. ಸಂತೋಷ. ಆದರೆ ಕೊಟ್ಟ ಯಂತ್ರ ಕೆಟ್ಟಾಗ ರಿಪೇರಿ ಮಾಡುವವರನ್ನು ಪ್ರತಿ ಹೋಬಳಿಯಲ್ಲೂ ತಯಾರಿಸದಿದ್ದರೆ, ಇಂದಿನ ವಿತರಣೆ ನಾಳಿನ ಗುಜರಿ. ಶಾಲೆಗಳಲ್ಲಿ ಹಿಂದೆ ಹೊಲಿಗೆ ಪಾಠವಿದ್ದದ್ದು ಹೆಣ್ಣುಮಕ್ಕಳಿಗೆ ಮಾತ್ರ. ಅದು ಎಲ್ಲ ಮಕ್ಕಳಿಗೂ ಮರಳಿ ಬರಬೇಕು. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದ್ದರೂ ಸಂತೆಯಲ್ಲಿ ಬಟ್ಟೆಯಂತೆ ತೋರುವ ಚೀಲಗಳು ಓಡಾಡುತ್ತಿವೆ. ಅವುಗಳಲ್ಲಿ ಹೆಚ್ಚಿನವು ನೇಯದೆ ಒತ್ತಿ ಮಾಡಿದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹಳೆಯ ಪಂಚೆಯಿಂದ, ಹರಿದ ಪರದೆಯಿಂದ ಒಂದು ಊರಿಗೆ ಬೇಕಾದಷ್ಟು ಸಂತೆಚೀಲಗಳನ್ನು ಐದಾರು ಹಳೆಯ ಯಂತ್ರಗಳು ಬೇಸಿಗೆ ರಜೆಯಲ್ಲಿ ಹೊಲಿದು ಮುಗಿಸಬಲ್ಲವು. ಪರಿಸರ ದಿನದಂದು ಗಿಡ ನೆಟ್ಟು ಮರೆಯುವ ಕಾಲೇಜುಗಳಿಗೆ ಇದಕ್ಕಿಂತ ಉಪಯುಕ್ತವಾದ ಕಾರ್ಯಕ್ರಮ ಬೇರೆ ಬೇಕೆ?

ಮಳೆ ಹಿಡಿಯುವ ಮೊದಲು ಗುಜರಿಯ ಟೆಂಪೊ ಮತ್ತೊಮ್ಮೆ ಊರೂರು ಸುತ್ತುತ್ತದೆ. ಒಡೆದ ಕೊಡ, ತುಕ್ಕು ಹಿಡಿದ ತಗಡು, ಸವೆದ ನೇಗಿಲ ಕುಳಗಳ ಜೊತೆಗೆ ಅಟ್ಟದ ಮೇಲಿನ ಯಂತ್ರವನ್ನೂ ಅದು ಕೇಳುತ್ತದೆ. ಅಂದು ಮನೆಯವರು ಬೆಲೆ ಕೇಳುವ ಮುನ್ನ ಗಾಲಿಯನ್ನೊಮ್ಮೆ ಕೈಯಿಂದ ತಿರುಗಿಸಿ ನೋಡಲಿ. ಅದು ತಿರುಗಿದರೆ ಮಾರುವ ಮಾತೇ ಇಲ್ಲ. ತಿರುಗದಿದ್ದರೆ ಸೀಮೆಎಣ್ಣೆಯ ಬುಡ್ಡಿಯನ್ನು ಹುಡುಕಲಿ.