ಮಗುವಿನ ದುಡಿಮೆ ಕಾಯಕವಲ್ಲ



ಹನ್ನೆರಡನೆಯ ಶತಮಾನದ ಶರಣರು ಲೋಕಕ್ಕಿತ್ತ ಪದಗಳಲ್ಲಿ ‘ಕಾಯಕ’ದಷ್ಟು ಬಳಕೆಯಾದುದು ಬೇರೊಂದಿಲ್ಲ, ದುರ್ಬಳಕೆಯಾದುದೂ ಬೇರೊಂದಿಲ್ಲ. ಕಬ್ಬಿನ ಗದ್ದೆಯಲ್ಲಿ ಹತ್ತು ವರ್ಷದ ಮಗು ಸೋಗೆ ಕಟ್ಟುತ್ತಿರುವುದನ್ನು ಕಂಡು, “ಎಳವೆಯಲ್ಲೇ ಕಾಯಕ ಕಲಿಯಲಿ ಬಿಡಿ” ಎನ್ನುವ ಹಿರಿಯರಿದ್ದಾರೆ. ಈ ಮಾತು ಶರಣಧರ್ಮದ ಹೆಸರಿನಲ್ಲಿ ಆಡುವ ಅಧರ್ಮ.

ಕಾಯಕವೆಂದರೆ ಬರಿಯ ದುಡಿಮೆಯಲ್ಲ. ಸ್ವಂತ ಮನಸ್ಸಿನಿಂದ ಕೈಗೊಂಡು, ಅಗತ್ಯವಿರುವಷ್ಟನ್ನೇ ಪಡೆದು, ಮಿಕ್ಕುದನ್ನು ದಾಸೋಹಕ್ಕೆ ಸಲ್ಲಿಸುವ ದುಡಿಮೆ ಮಾತ್ರ ಕಾಯಕ. ಪತಿ ಮಾರಯ್ಯ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಆಯ್ದಕ್ಕಿ ಲಕ್ಕಮ್ಮ ಹೇಳಿದ ಪ್ರಸಂಗ ಎಲ್ಲ ಭಕ್ತರಿಗೂ ತಿಳಿದುದೇ. ನೆಲಕ್ಕೆ ಬಿದ್ದ ಅಕ್ಕಿಯಲ್ಲೂ ಅತಿಯಾಸೆಯನ್ನು ಕಂಡ ಆ ತಾಯಿ, ಮಗುವಿನ ಬಾಲ್ಯವನ್ನು ಲಾಭದ ಲೆಕ್ಕಕ್ಕೆ ಸೇರಿಸುವವರನ್ನು ಒಪ್ಪುತ್ತಿದ್ದಳೆ?

ಕಪಿಲೆ ಕಾವೇರಿಯರ ನೀರುಂಡು ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯಲ್ಲಿ ಕಬ್ಬು ಬೆಳೆಯುತ್ತದೆ. ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಟಾವಿಗೆ ಬರುವ ಕೂಲಿ ಕುಟುಂಬಗಳು ಮೇಸ್ತ್ರಿಯಿಂದ ಮುಂಗಡ ಪಡೆದೇ ಊರು ಬಿಡುತ್ತವೆ. ಮುಂದಿನ ತಿಂಗಳುಗಳ ಬೆವರು ಮೊದಲೇ ಮಾರಾಟವಾಗಿರುತ್ತದೆ. ಕೂಲಿ ಆಳಿಗಲ್ಲ, ಟನ್ನಿಗೆ. ಆದುದರಿಂದ ಮುಂಗಡ ತೀರಬೇಕಾದರೆ ಮನೆಯ ಎಲ್ಲ ಕೈಗಳೂ ದುಡಿಯಬೇಕು. ಹಿರಿಯ ಮಗು ಸೋಗೆ ಕಟ್ಟುತ್ತದೆ. ಇಲ್ಲವೆ ಗುಡಿಸಲಿನಲ್ಲಿ ಕೂಸನ್ನು ಕಾಯುತ್ತದೆ. ಇಲ್ಲಿ ಸ್ವಂತ ಮನಸ್ಸೆಲ್ಲಿ? ಇದು ಸಾಲದ ಆಜ್ಞೆ.

“ರೈತನೇ ಸೋತಿದ್ದಾನೆ, ಅವನೇನು ಮಾಡಿಯಾನು?” ಎಂಬ ಪ್ರಶ್ನೆ ಬರುತ್ತದೆ. ನಿಜ. ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದ್ದರೂ ಬಾಕಿಗಾಗಿ ರೈತರು ಬೀದಿಗಿಳಿದ ವರ್ಷಗಳುಂಟು. ಆದರೆ ಮೇಲಿನವನು ಹೊರಿಸಿದ ಭಾರವನ್ನು ಕೆಳಗಿನ ಎಳೆಯ ಹೆಗಲಿಗೆ ದಾಟಿಸುವುದು ನ್ಯಾಯವಾಗದು. ತನ್ನ ಬಾಕಿಯನ್ನು ಕೇಳುವ ರೈತನಿಗೆ ಕೂಲಿಯವನ ಮಗುವಿನ ಬಾಕಿಯೂ ಕಾಣಬೇಕು.

1976ರಲ್ಲೇ ಜೀತಪದ್ಧತಿ ರದ್ದಾಯಿತು. ಜೀತಕ್ಕೆ ಕಟ್ಟಿಹಾಕಿದ ಸಾಲವೂ ರದ್ದಾಯಿತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿನಿಂದ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿಗಳ ದಂಡ, ಇಲ್ಲವೆ ಎರಡೂ. ಶಾಲೆಯ ಅವಧಿ ಮುಗಿದ ಮೇಲೆ ಸ್ವಂತ ಮನೆತನದ ಕೆಲಸಕ್ಕೆ ನೆರವಾಗಬಹುದೆಂಬ ವಿನಾಯಿತಿಯ ಮರೆಯಲ್ಲಿ ಪರರ ಗದ್ದೆಯ ಕೂಲಿ ಅಡಗಲಾರದು. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂದು ವಲಸೆಯ ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ.

ಕಾನೂನಿಗಿಂತ ಮೊದಲು ಭಕ್ತನ ಅಂತರಂಗ ಎಚ್ಚರಗೊಳ್ಳಬೇಕು. ಕಟಾವಿಗೆ ಒಪ್ಪುವ ಮುನ್ನ, “ತಂಡದಲ್ಲಿ ಮಕ್ಕಳೆಷ್ಟು? ಅವರು ಯಾವ ಶಾಲೆಗೆ ಹೋಗುವರು?” ಎಂದು ಮೇಸ್ತ್ರಿಯನ್ನು ಕೇಳಲಿ. ಮಕ್ಕಳನ್ನು ಊರ ಶಾಲೆಗೆ ತಾನೇ ಕರೆದೊಯ್ಯಲಿ. ದುಡಿಸುವುದನ್ನು ಕಂಡರೆ 1098ಕ್ಕೆ ಕರೆ ಮಾಡಲಿ. ತಂದೆತಾಯಿಗೆ ನ್ಯಾಯವಾದ ಕೂಲಿ ದೊರೆತರೆ ಮಗುವಿನ ಕೈ ತಾನಾಗಿಯೇ ಬಿಡುವಾಗುತ್ತದೆ.

2002ರಲ್ಲಿ ಶಾಲೆಯ ಬಿಸಿಯೂಟವನ್ನು ಆರಂಭಿಸಿದಾಗ ರಾಜ್ಯ ಸರ್ಕಾರ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಶರಣರ ಪದವೇ ಶಾಲೆಯ ತಟ್ಟೆಯನ್ನು ಸೇರಿರುವಾಗ, ಆ ಪಂಕ್ತಿಯಿಂದ ಮಗುವನ್ನು ಎಬ್ಬಿಸಿ ಗದ್ದೆಗೆ ಕಳುಹಿಸಿದವನು ಮಠದ ದಾಸೋಹಕ್ಕೆ ಎಷ್ಟು ಮೂಟೆ ಅಕ್ಕಿ ಕೊಟ್ಟರೇನು? ಕೂಲಿಯಲ್ಲಿ ಕಡಿದುಕೊಂಡದ್ದನ್ನು ಕಾಣಿಕೆಯಾಗಿ ಇಟ್ಟರೆ ಅದು ದಾಸೋಹವಾಗದು.