ಉತ್ತರ ನೋಡಿ ಲೆಕ್ಕ ಮಾಡಿದವರು

ಯೇಸುವನ್ನು ಶಿಲುಬೆಗೇರಿಸಿದ್ದು ಯಾವ ದಿನ? ಇದು ಕೇಳಬಾರದ ಪ್ರಶ್ನೆಯೇನಲ್ಲ. ಶುಭ ಶುಕ್ರವಾರವನ್ನು ಉಪವಾಸವಿದ್ದು ಆಚರಿಸುವವರಿಗೂ, ಅಂದು ಶಾಲೆಗೆ ರಜಾ ಎಂದಷ್ಟೇ ತಿಳಿದವರಿಗೂ ಈ ಕುತೂಹಲ ಸಹಜ. ನನ್ನ ತಕರಾರು ಪ್ರಶ್ನೆಯ ಮೇಲಲ್ಲ, ಉತ್ತರ ಹುಡುಕುವ ಒಂದು ದಾರಿಯ ಮೇಲೆ. ಬೈಬಲಿನ ಒಂದು ಪ್ರವಾದನೆಯನ್ನು ಹಿಡಿದುಕೊಂಡು, ವರ್ಷಗಳನ್ನು ಗುಣಿಸಿ ಭಾಗಿಸಿ, 'ಇದೋ, ದಿನಕ್ಕೆ ಸರಿಯಾಗಿ ಬಂತು ನೋಡಿ' ಎನ್ನುವವರ ಮೇಲೆ. ಉತ್ತರಪತ್ರಿಕೆಗಳನ್ನು ತಿದ್ದುವುದರಲ್ಲೇ ಆಯುಷ್ಯದ ಅರ್ಧ ಕಳೆದ ನಮ್ಮಂಥ ಮೇಷ್ಟರಮ್ಮಂದಿರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಪುಸ್ತಕದ ಹಿಂದೆ ಉತ್ತರ ನೋಡಿಕೊಂಡು ಆಮೇಲೆ ಹೆಜ್ಜೆಗಳನ್ನು ತುಂಬಿದ ಲೆಕ್ಕ ಎಂದೂ ಮುಚ್ಚಿಡಲಾಗುವುದಿಲ್ಲ.

ಮೊದಲು ನೇರ ದಾರಿಯನ್ನೇ ನೋಡೋಣ. ಶಿಕ್ಷೆ ವಿಧಿಸಿದವನು ಪೊಂತ್ಯ ಪಿಲಾತ. ಅವನು ಯೂದಾಯದ ಅಧಿಪತಿಯಾಗಿದ್ದದ್ದು ಕ್ರಿ.ಶ. 26ರಿಂದ 36ರವರೆಗೆ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರಿಯದಲ್ಲಿ ಸಿಕ್ಕಿದೆ. ತಿಬೇರಿಯ ಚಕ್ರವರ್ತಿಯ ಆಳ್ವಿಕೆಯ 15ನೆಯ ವರ್ಷದಲ್ಲಿ ಸ್ನಾನಿಕನಾದ ಯೋಹಾನನು ಬೋಧನೆ ಶುರುಮಾಡಿದನೆಂದು ಲೂಕನು ಬರೆಯುತ್ತಾನೆ. ಅಂದರೆ ಸುಮಾರು ಕ್ರಿ.ಶ. 28 ಅಥವಾ 29. ಯೇಸು ಸತ್ತದ್ದು ಸಬ್ಬತ್ತಿನ ಹಿಂದಿನ ದಿನ, ಶುಕ್ರವಾರ, ಪಸ್ಕ ಹಬ್ಬದ ಹೊತ್ತಿನಲ್ಲಿ ಎಂಬುದರಲ್ಲಿ ನಾಲ್ಕೂ ಸುವಾರ್ತೆಗಳು ಒಂದೇ ಮಾತು ಹೇಳುತ್ತವೆ.

ಇಲ್ಲಿ ಯೆಹೂದ್ಯರ ಪಂಚಾಂಗ ಬರುತ್ತದೆ. ಅದು ನಮಗೆ ಅಪರಿಚಿತವೇನಲ್ಲ. ನಮ್ಮದರಂತೆಯೇ ಚಂದ್ರನನ್ನು ನಂಬಿದ ತಿಂಗಳು. ಋತು ಹಿಂದೆ ಬೀಳದಂತೆ ಆಗಾಗ ಸೇರಿಸುವ ಅಧಿಕ ಮಾಸ. ನೀಸಾನ್ ತಿಂಗಳ 14ರಂದು ಪಸ್ಕದ ಕುರಿಯನ್ನು ಕೊಯ್ಯುತ್ತಿದ್ದರು, ಎಂದರೆ ಹುಣ್ಣಿಮೆಯ ಆಸುಪಾಸು. ಪಿಲಾತನ ಹತ್ತು ವರ್ಷಗಳಲ್ಲಿ ಆ ದಿನ ಶುಕ್ರವಾರಕ್ಕೆ ಬಿದ್ದದ್ದು ಯಾವಾಗ ಎಂದು ಖಗೋಳಶಾಸ್ತ್ರಜ್ಞರು ಹಿಂದಕ್ಕೆ ಲೆಕ್ಕ ಹಾಕಿದರು. ಮುಖ್ಯವಾಗಿ ಉಳಿದವು ಎರಡು ದಿನ: ಕ್ರಿ.ಶ. 30ರ ಏಪ್ರಿಲ್ 7 ಮತ್ತು ಕ್ರಿ.ಶ. 33ರ ಏಪ್ರಿಲ್ 3.

ಎರಡರಲ್ಲಿ ಒಂದು ಎಂದು ಖಚಿತವಾಗಿ ಯಾಕೆ ಹೇಳಬಾರದು? ಏಕೆಂದರೆ ಆ ಕಾಲದಲ್ಲಿ ತಿಂಗಳು ಶುರುವಾಗುತ್ತಿದ್ದದ್ದು ಎಳೆಚಂದ್ರನನ್ನು ಕಣ್ಣಾರೆ ಕಂಡವರ ಸಾಕ್ಷಿಯ ಮೇಲೆ. ಮೋಡ ಕವಿದರೆ ಒಂದು ದಿನ ಹಿಂದೆ ಮುಂದೆ. ಜವೆಗೋಧಿ ತೆನೆ ಬಲಿಯದಿದ್ದರೆ ಒಂದು ತಿಂಗಳೇ ಮುಂದಕ್ಕೆ. ಆ ವರ್ಷಗಳ ತೀರ್ಮಾನಗಳನ್ನು ಯಾರೂ ಬರೆದಿಟ್ಟಿಲ್ಲ. ಸಾಲದ್ದಕ್ಕೆ ಯೋಹಾನನ ಪ್ರಕಾರ ಯೇಸು ಸತ್ತದ್ದು ಪಸ್ಕದ ಊಟಕ್ಕೆ ಮೊದಲು. ಉಳಿದ ಮೂವರ ಪ್ರಕಾರ ಆ ಊಟ ಮುಗಿದ ಮಾರನೆಯ ದಿನ. 1983ರಲ್ಲಿ ಹಂಫ್ರೀಸ್ ಮತ್ತು ವಾಡಿಂಗ್ಟನ್ ಎಂಬ ಇಬ್ಬರು ವಿಜ್ಞಾನಿಗಳು, ಕ್ರಿ.ಶ. 33ರ ಏಪ್ರಿಲ್ 3ರ ಸಂಜೆ ಯೆರೂಸಲೇಮಿನಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು, ಆದ್ದರಿಂದ ಆ ದಿನವೇ ಸರಿ ಎಂದು ವಾದಿಸಿದರು. ಅಷ್ಟು ಸಣ್ಣ ಗ್ರಹಣ ಬರಿಗಣ್ಣಿಗೆ ಕೆಂಪಾಗಿ ಕಾಣುವಂತಿರಲಿಲ್ಲ ಎಂದು ಬೇರೆಯವರು ಆಕ್ಷೇಪಿಸಿದರು. ಚರಿತ್ರೆ ಅಲ್ಲಿಗೆ ನಿಲ್ಲುತ್ತದೆ. ನಿಲ್ಲಬೇಕಾದ ಕಡೆ ನಿಲ್ಲುವುದೂ ವಿದ್ಯೆಯೇ.

ಈಗ ಇನ್ನೊಂದು ದಾರಿ. ದಾನಿಯೇಲನ ಗ್ರಂಥದ 9ನೆಯ ಅಧ್ಯಾಯದಲ್ಲಿ ಎಪ್ಪತ್ತು 'ವಾರ'ಗಳ ಮಾತಿದೆ. ಯೆರೂಸಲೇಮನ್ನು ಮತ್ತೆ ಕಟ್ಟಬೇಕೆಂಬ ಅಪ್ಪಣೆ ಹೊರಟಂದಿನಿಂದ ಏಳು ವಾರ ಮತ್ತು ಅರವತ್ತೆರಡು ವಾರ. ಆಮೇಲೆ ಅಭಿಷಿಕ್ತನೊಬ್ಬನು ಛೇದಿಸಲ್ಪಡುವನು. ವಾರವೆಂದರೆ ಏಳು ವರ್ಷ ಎಂದಿಟ್ಟುಕೊಂಡರೆ 69 ವಾರಕ್ಕೆ 483 ವರ್ಷ. ಲಂಡನ್ನಿನ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಸರ್ ರಾಬರ್ಟ್ ಆಂಡರ್ಸನ್ 19ನೆಯ ಶತಮಾನದಲ್ಲಿ ಇದನ್ನು ಬಿಡಿಸಿದರು. ವರ್ಷಕ್ಕೆ 360 ದಿನವೇ ಎಂದು ಹಿಡಿದು 1,73,880 ದಿನ ಮಾಡಿದರು. ಕ್ರಿ.ಪೂ. 445ರ ಮಾರ್ಚ್ 14ರಿಂದ ಎಣಿಸಿ, ಯೇಸು ಕತ್ತೆಯ ಮೇಲೆ ಯೆರೂಸಲೇಮನ್ನು ಪ್ರವೇಶಿಸಿದ ಭಾನುವಾರಕ್ಕೆ, ಅಂದರೆ ಕ್ರಿ.ಶ. 32ರ ಏಪ್ರಿಲ್ 6ಕ್ಕೆ ತಂದು ನಿಲ್ಲಿಸಿದರು. ಒಂದು ದಿನವೂ ಆಚೀಚೆ ಇಲ್ಲ! ಇಂದಿಗೂ ಇದನ್ನು ಪವಾಡವೆಂದು ಹೇಳಿಕೊಂಡು ಬರುವವರಿದ್ದಾರೆ.

ಹೆಜ್ಜೆಗಳನ್ನು ನೋಡೋಣ. 360 ದಿನದ ವರ್ಷವನ್ನು ಇಟ್ಟುಕೊಂಡು ಯೆಹೂದ್ಯರು ಹಬ್ಬ ಮಾಡಲಿಲ್ಲ, ಬೇಸಾಯ ಮಾಡಲಿಲ್ಲ. ಅವರಿಗೆ ಅಧಿಕ ಮಾಸವಿತ್ತು. ಆಂಡರ್ಸನ್ ಕೊಟ್ಟ ತಾರೀಖುಗಳು ಹಳೆಯ ಜೂಲಿಯನ್ ಪಂಚಾಂಗದವು. ಆದರೆ ನಡುವಿನ ಅಧಿಕ ದಿನಗಳನ್ನು ಮಾತ್ರ ಗ್ರೆಗೋರಿಯನ್ ರೀತಿಯಲ್ಲಿ ಮೂರು ಕಡಿಮೆ ಮಾಡಿ 116 ಎಂದು ಎಣಿಸಿದರು. ಒಂದೇ ಲೆಕ್ಕದಲ್ಲಿ ಎರಡು ಅಳತೆಗೋಲು! ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಆಕಾಶದಲ್ಲಿದೆ. ಕ್ರಿ.ಶ. 32ರಲ್ಲಿ ಆ ಹುಣ್ಣಿಮೆ ಬಂದದ್ದು ಏಪ್ರಿಲ್ 14ರ ಸುಮಾರಿಗೆ, ಸೋಮವಾರ. ಅವರು ಹೇಳುವ ಶುಕ್ರವಾರ ಏಪ್ರಿಲ್ 11. ಹುಣ್ಣಿಮೆಗೆ ಇನ್ನೂ ಮೂರು ದಿನ ಇರುವಾಗ ಪಸ್ಕ ಹೇಗೆ ಮುಗಿಯಿತು? ಚಂದ್ರನನ್ನು ಯಾವ ಪೊಲೀಸ್ ಅಧಿಕಾರಿಯೂ ಬೇಗ ತುಂಬಿಸಲಾರ.

ಅದೇ ವಚನ ಬೇರೆಯವರ ಕೈಯಲ್ಲಿ ಬೇರೆ ಉತ್ತರ ಕೊಟ್ಟಿದೆ. ಅಮೆರಿಕದ ಹ್ಯಾರಲ್ಡ್ ಹೋನರ್ ಕ್ರಿ.ಪೂ. 444ರಿಂದ ಎಣಿಸಿ ಕ್ರಿ.ಶ. 33ಕ್ಕೆ ಬಂದರು. ಎಜ್ರನ ಕಾಲದ ಅಪ್ಪಣೆಯಿಂದ, ಕ್ರಿ.ಪೂ. 457ರಿಂದ, ಸಾಮಾನ್ಯ ವರ್ಷಗಳಲ್ಲಿ ಎಣಿಸಿದವರು ಕ್ರಿ.ಶ. 31 ಎಂದರು. ಮಹಾಮೇಧಾವಿ ನ್ಯೂಟನ್ನನೂ ಕೂತು ಪಂಚಾಂಗ ಬಿಡಿಸಿ ಕ್ರಿ.ಶ. 34 ಎಂದನು. ಎಲ್ಲಿಂದ ಶುರು, ವರ್ಷಕ್ಕೆ ಎಷ್ಟು ದಿನ, ಎಲ್ಲಿಗೆ ಮುಕ್ತಾಯ—ಈ ಮೂರನ್ನೂ ಬೇಕಾದಂತೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಬೇಕಾದ ಉತ್ತರ ಬರದೆ ಏನಾದೀತು? ಬಾಣ ನೆಟ್ಟಲ್ಲಿ ಗುರಿ ಬರೆದಂತೆ.

ದಾನಿಯೇಲನ ಗ್ರಂಥ ಇಂದಿನ ರೂಪ ತಳೆದದ್ದು ಕ್ರಿ.ಪೂ. 165ರ ಆಸುಪಾಸಿನಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಂತಿಯೋಕ ದೊರೆ ಯೆಹೂದ್ಯರ ದೇವಾಲಯವನ್ನು ಹೊಲೆಗೆಡಿಸಿ, ಅವರ ಧರ್ಮವನ್ನೇ ನಿಷೇಧಿಸಿದ್ದ ಕಾಲ ಅದು. ನಿಮ್ಮ ಕಷ್ಟಕ್ಕೆ ಕೊನೆ ಇದೆ ಎಂದು ನೊಂದವರಿಗೆ ಹೇಳಿದ ಮಾತನ್ನು ನಾವು ರೈಲ್ವೆ ವೇಳಾಪಟ್ಟಿ ಮಾಡಿಕೊಂಡಿದ್ದೇವೆ.

ಹೋಗಲಿ ಬಿಡಿ, ಯಾರೋ ಕೂತು ಲೆಕ್ಕ ಮಾಡಿದರೆ ನಮಗೇನು ನಷ್ಟ ಎನ್ನಬಹುದು. ನಷ್ಟವಿದೆ. ಶಿಲುಬೆಯ ತಾರೀಖು ಒಂದು ಮೊಳೆ. ಅದನ್ನು ಹೊಡೆದವರು ಅದಕ್ಕೆ ಪ್ರಳಯದ ತಾರೀಖನ್ನು ನೇತುಹಾಕದೆ ಬಿಡುವುದಿಲ್ಲ. ನ್ಯೂಯಾರ್ಕ್ ಪ್ರಾಂತ್ಯದ ರೈತ ವಿಲಿಯಂ ಮಿಲ್ಲರ್ ಕ್ರಿ.ಪೂ. 457ಕ್ಕೆ 490 ಸೇರಿಸಿ ಯೇಸುವಿನ ಮರಣ ಕ್ರಿ.ಶ. 33 ಎಂದ. ಪ್ರವಾದನೆ ಹೀಗೆ ಕೂಡಿಬಂದ ಮೇಲೆ ಅದೇ ವರ್ಷದಿಂದ 2300 ಎಣಿಸಿ ಲೋಕಾಂತ್ಯ 1843 ಎಂದ. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ ಎಂಬುದು ಆಮೇಲೆ ಹೊಳೆದು 1844ಕ್ಕೆ ಮುಂದೂಡಿದರು. ನಮ್ಮ ಶಾಲೆಯ ಮಕ್ಕಳಿಗೆ ಹೇಳಿಕೊಡುವ ಪಾಠ ಇದು! 1844ರ ಅಕ್ಟೋಬರ್ 22ರಂದು ಸಾವಿರಾರು ಜನ ಆಕಾಶ ನೋಡುತ್ತ ಕಾದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ದಿರಲಿಲ್ಲ. ಮಾರನೆಯ ಬೆಳಗ್ಗೆ ಸೂರ್ಯ ಎಂದಿನಂತೆ ಹುಟ್ಟಿದ.

ಹಳೆಯ ಕತೆಯೆಂದು ತಳ್ಳಿಹಾಕಬೇಡಿ. ಕ್ಯಾಲಿಫೋರ್ನಿಯದ ರೇಡಿಯೋ ಬೋಧಕ ಹ್ಯಾರಲ್ಡ್ ಕ್ಯಾಂಪಿಂಗ್ ಶಿಲುಬೆಯ ದಿನ ಕ್ರಿ.ಶ. 33ರ ಏಪ್ರಿಲ್ 1 ಎಂದಿಟ್ಟುಕೊಂಡ. ಐದು, ಹತ್ತು, ಹದಿನೇಳು ಪವಿತ್ರ ಸಂಖ್ಯೆಗಳೆಂದು ಗುಣಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿ 7,22,500 ದಿನ ಮಾಡಿದ. 2011ರ ಮೇ 21 ನ್ಯಾಯತೀರ್ಪಿನ ದಿನವೆಂದು ಸಾರಿದ. ಅವನನ್ನು ನಂಬಿ ಕೆಲವರು ಕೆಲಸ ಬಿಟ್ಟರು. ಉಳಿತಾಯದ ಹಣವನ್ನೆಲ್ಲ ಜಾಹೀರಾತು ಫಲಕಗಳಿಗೆ ಸುರಿದರು. ದಿನ ಕಳೆಯಿತು, ಅಕ್ಟೋಬರ್ 21 ಎಂದ, ಅದೂ ಕಳೆಯಿತು. 2012ರಲ್ಲಿ ತಾನು ಮಾಡಿದ್ದು ಪಾಪವೆಂದು ಬರೆದುಕೊಟ್ಟ. ಆದರೆ ಖಾಲಿಯಾದ ಡಬ್ಬಿಗಳನ್ನು ಆ ಮನೆಗಳಲ್ಲಿ ಮತ್ತೆ ತುಂಬಬೇಕಾದವರು ಯಾರು? ಮಕ್ಕಳ ಫೀಸಿಗೆ ಯಾರ ಬಳೆ ಹೋಗುತ್ತದೆ? ತಾರೀಖು ಹೇಳುವವರು ಹೆಚ್ಚಾಗಿ ಗಂಡಸರು. ತಾರೀಖು ಕಳೆದ ಮಾರನೆಯ ದಿನ ಒಲೆ ಹಚ್ಚಬೇಕಾದವರು ನಾವು.

ಇದು ನಂಬಿಕೆಯ ಮೇಲಿನ ದಾಳಿಯಲ್ಲ. ಈಸ್ಟರ್ ಹಬ್ಬವನ್ನೇ ನೋಡಿ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಅದು; ಪ್ರತಿ ವರ್ಷ ತಾರೀಖು ಬದಲಾಗುತ್ತದೆ. ನಿಗದಿಯಾದ ತಾರೀಖಿಲ್ಲದೆಯೇ ಸಭೆಗಳು ನೂರಾರು ವರ್ಷ ಆ ಮರಣಕ್ಕೆ ಅತ್ತಿವೆ, ಎದ್ದು ಬಂದದ್ದಕ್ಕೆ ಹಾಡಿವೆ. ಭಕ್ತಿಗೆ ಬೇಡವಾದ ಗಣಿತವನ್ನು ಭಕ್ತಿಯ ಹೆಸರಲ್ಲಿ ಮಾರುವುದನ್ನಷ್ಟೇ ನಾನು ಬೇಡವೆನ್ನುವುದು.

ಅಂಥವರು ನಿಮ್ಮ ಬಾಗಿಲಿಗೆ ಬಂದರೆ ಜಗಳ ಮಾಡಬೇಡಿ. ಕೂರಿಸಿ, ನೀರು ಕೊಟ್ಟು, ಮೂರೇ ಪ್ರಶ್ನೆ ಕೇಳಿ. ಈ ವರ್ಷದಿಂದಲೇ ಏಕೆ ಶುರುಮಾಡಿದಿರಿ? ವರ್ಷಕ್ಕೆ ಇಷ್ಟೇ ದಿನವೆಂದು ಯಾರು ಹೇಳಿದರು? ಆ ದಿನ ಹುಣ್ಣಿಮೆ ಇತ್ತೇ?