ಹೆಂಚು ಹೇಳಿದ ಲೆಕ್ಕ

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅಲ್ಲಿನ ಜನರ ಮೈಮೇಲೆ ವಿಕಿರಣ ಅಳೆಯುವ ಸಾಧನವೇನೂ ಇರಲಿಲ್ಲ. ಬದುಕುಳಿದವರಲ್ಲಿ ಕೆಲವು ವರ್ಷಗಳ ಬಳಿಕ ರಕ್ತದ ಕ್ಯಾನ್ಸರ್ ಹೆಚ್ಚತೊಡಗಿತು. ಯಾರಿಗೆ ಎಷ್ಟು ವಿಕಿರಣ ತಗಲಿತ್ತೆಂದು ತಿಳಿಯದೆ ಈ ರೋಗದ ಲೆಕ್ಕ ಹಾಕುವುದಾದರೂ ಹೇಗೆ? 1960ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಉತ್ತರ ಹುಡುಕಿದ್ದು ಆ ಊರಿನ ಹಳೆಯ ಹೆಂಚು, ಇಟ್ಟಿಗೆಗಳಲ್ಲಿ.

ಹೆಂಚಿನ ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ವಿಕಿರಣ ತಗಲಿದಾಗ ಅವುಗಳೊಳಗಿನ ಎಲೆಕ್ಟ್ರಾನುಗಳು ತಮ್ಮ ಜಾಗದಿಂದ ಎದ್ದು ಹರಳಿನ ಕುಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಷ್ಟೋ ವರ್ಷ ಅಲ್ಲೇ ಉಳಿಯುತ್ತವೆ. ಹರಳನ್ನು ಕಾಯಿಸಿದರೆ ಬಿಡುಗಡೆಯಾಗಿ ಮಂದ ಬೆಳಕು ಕೊಡುತ್ತವೆ. ವಿಕಿರಣ ಹೆಚ್ಚಾದಷ್ಟೂ ಬೆಳಕೂ ಹೆಚ್ಚು. ಭಟ್ಟಿಯಲ್ಲಿ ಸುಟ್ಟಾಗ ಹಿಂದಿನದೆಲ್ಲ ಅಳಿದು ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. (ನಮ್ಮ ಮಂಗಳೂರು ಹೆಂಚಿಗೂ ಇದೇ ಗುಣ.) ಮಣ್ಣಿನ ಸಹಜ ವಿಕಿರಣವನ್ನು ಕಳೆದರೆ ಉಳಿಯುವುದು ಬಾಂಬಿನ ಪಾಲು. ಬಾಂಬಿನ ಬೆಂಕಿಯಲ್ಲಿ ಚೆನ್ನಾಗಿ ಕಾದ ಹೆಂಚು ಮಾತ್ರ ಪ್ರಯೋಜನಕ್ಕಿಲ್ಲ, ಅದರ ನೆನಪು ಅಳಿಸಿಹೋಗಿರುತ್ತದೆ. 1986 ಮತ್ತು 2002ರಲ್ಲಿ ಬಾಂಬಿನ ಲೆಕ್ಕವನ್ನು ತಿದ್ದಿದಾಗಲೂ ಇಂಥ ಹೆಂಚು, ಇಟ್ಟಿಗೆಗಳೇ ಸಾಕ್ಷಿ ನುಡಿದವು.

ನಿಮ್ಮ ಮನೆಯ ಮಗಳೋ ಸೊಸೆಯೋ ಎಕ್ಸ್‌ರೇ ವಿಭಾಗದಲ್ಲಿದ್ದರೆ ಆಕೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಮಾಡುವುದೂ ಇದೇ ಕೆಲಸ. ನಮ್ಮ ದೇಶದ ಬ್ಯಾಡ್ಜಿನಲ್ಲಿ ಮೂರು ಪುಟ್ಟ ಬಿಲ್ಲೆಗಳಿವೆ. ಡಿಸ್‌ಪ್ರೋಸಿಯಂ ಎಂಬ ಧಾತುವನ್ನು ಚೂರು ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನವು ಅವು. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಕಾಯಿಸಿ, ಬೆಳಕನ್ನು ಅಳೆದು, ಆಕೆಯ ಹೆಸರಿನಲ್ಲಿ ದಾಖಲಿಸುತ್ತಾರೆ.

ಆದರೆ ಬಿಲ್ಲೆಗೆ ತಾನಿದ್ದ ಜಾಗದ ಸುದ್ದಿ ಮಾತ್ರ ಗೊತ್ತು. ಕಳೆದುಹೋದೀತೆಂದು ಮೇಜಿನ ಡ್ರಾಯರಿನಲ್ಲಿಟ್ಟರೆ ಅದು ಡ್ರಾಯರಿನ ವರದಿ ಕೊಡುತ್ತದೆ! ದುಪಟ್ಟಾದ ತುದಿಗೋ ಬ್ಯಾಗಿಗೋ ಸಿಕ್ಕಿಸುವುದೂ ಸರಿಯಲ್ಲ. ಅದು ಎದೆಯ ಮಟ್ಟದಲ್ಲಿ, ಸೀಸದ ಏಪ್ರನ್ ತೊಟ್ಟಿದ್ದರೆ ಅದರ ಒಳಗಡೆ ಇರಬೇಕು. ಒಬ್ಬರ ಬ್ಯಾಡ್ಜನ್ನು ಇನ್ನೊಬ್ಬರು ಧರಿಸಬಾರದು. ತನಗೇ ಎಕ್ಸ್‌ರೇ ತೆಗೆಸುವಾಗ ಕಳಚಿಡಬೇಕು.

ಗರ್ಭಿಣಿಯಾದ ವಿಷಯವನ್ನು ನಾಚಿಕೆಯಿಂದಲೋ, ಕೆಲಸ ಹೋದೀತೆಂಬ ಭಯದಿಂದಲೋ ಮುಚ್ಚಿಡುವವರಿದ್ದಾರೆ. ನಿಯಮದ ರಕ್ಷಣೆ ಶುರುವಾಗುವುದೇ ತಿಳಿಸಿದ ಮೇಲೆ. ಅಂದಿನಿಂದ ಹೆರಿಗೆಯವರೆಗೆ ಹೊಟ್ಟೆಯೊಳಗಿನ ಮಗುವಿಗೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗಲದಂತೆ ಆಕೆಯ ಕೆಲಸವನ್ನು ಹೊಂದಿಸಿಕೊಡುವುದು ಆಸ್ಪತ್ರೆಯ ಹೊಣೆ.